ಮುಖವಿಲ್ಲದ ಬಿಲ್ಲೆ

"ಬೇರೆ ಯಾರ ವೇಷ ಬೇಕಾದ್ರೂ ಹಾಕ್ಕೊ ಮಗಾ. ಅವಳದೊಂದು ಬ್ಯಾಡ."

ವರಲಕ್ಷ್ಮಮ್ಮ ಮೊರದ ತುಂಬ ಅವರೆಕಾಯಿ ಹರಡಿಕೊಂಡು ನಡುಮನೆಯ ಕಂಬಕ್ಕೆ ಒರಗಿದ್ದಳು. ಮಾತಾಡಿದ್ದು ಮೊಮ್ಮಗಳು ಮೋನಿಷಾಳ ಜೊತೆಗಾದರೂ ಕಣ್ಣು ಗೋಡೆಯ ಮೇಲಿತ್ತು. ಅಲ್ಲಿ ಅವಳ ಗಂಡ, ತೀರಿಹೋದ ಪಿಳ್ಳಪ್ಪನ ಮೊದಲ ಮದುವೆಯ ಫೋಟೊ ತೂಗುತ್ತಿತ್ತು. ದೊಡ್ಡಬಳ್ಳಾಪುರದ ಸ್ಟುಡಿಯೋದಲ್ಲಿ ತೆಗೆಸಿದ್ದು. ಪೇಟ ಕಟ್ಟಿ ಕುರ್ಚಿಯಲ್ಲಿ ಕೂತ ಪಿಳ್ಳಪ್ಪನ ಪಕ್ಕಕ್ಕೇ ಫೋಟೊ ಮುಗಿದುಬಿಡುತ್ತಿತ್ತು. ಯಾರೋ ಉದ್ದಕ್ಕೆ ಕತ್ತರಿಸಿದ್ದರು. ಕತ್ತರಿಗೆ ಸಿಗದೆ ಉಳಿದದ್ದು ಒಂದು ಕೈ. ಕುರ್ಚಿಯ ಬೆನ್ನಿನ ಮೇಲಿಟ್ಟ, ಮುಂಗೈ ತುಂಬ ಬಳೆ ತೊಟ್ಟ, ಎಳೆ ಹುಡುಗಿಯ ಕೈ.

ಮೋನಿಷಾ ನಕ್ಕಳು. "ಅರ್ಧ ಫೋಟೊ ನೋಡ್ಕೊಂಡು ಇಷ್ಟು ವರ್ಷ ಬದುಕಿದ್ದೀಯ. ಇನ್ನರ್ಧ ನಾನು ತುಂಬಿಸ್ತೀನಿ ಅಂದ್ರೆ ಭಯಾನಾ ಅಜ್ಜಿ?"

ಬೆಂಗಳೂರಿನಲ್ಲಿ ಮೋನಿಷಾ ಹೊಟ್ಟೆಪಾಡಿಗೆ ಮದುವೆ ಆಲ್ಬಂ ಮಾಡುತ್ತಿದ್ದಳು. ತನಗೋಸ್ಕರ ಮಾಡುತ್ತಿದ್ದುದು ಬೇರೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೇರಿಸಿ, ರಿಮೋಟನ್ನು ಅಂಗೈಯಲ್ಲಿ ಮರೆಮಾಡಿಕೊಂಡು, ತನ್ನ ಫೋಟೊ ತಾನೇ ತೆಗೆದುಕೊಳ್ಳುತ್ತಿದ್ದಳು. ತಾನಾಗಿ ಅಲ್ಲ, ಮನೆತನದ ಹೆಂಗಸರಾಗಿ. ಮೊದಲು ಆದದ್ದು ತೀರಿಹೋದ ಅಮ್ಮ. ಅಮ್ಮನ ನೀಲಿ ಸೀರೆ ಉಟ್ಟು, ಅಮ್ಮನ ಹಾಗೆ ತುರುಬು ಕಟ್ಟಿ, ಅಂಗನವಾಡಿಯ ಬಾಗಿಲಲ್ಲಿ ನಿಂತು ತೆಗೆದ ಆ ಫೋಟೊದೊಳಗಿಂದ ಒಂದು ಗಳಿಗೆ ಅಮ್ಮನೇ ನೋಡಿದಂತಾಗಿತ್ತು. ಅಂದಿನಿಂದ ಅವಳಿಗೆ ನಿಲ್ಲಿಸಲಾಗಿರಲಿಲ್ಲ.

"ಅಮ್ಮನ ಫೋಟೊ ನೋಡಿ ನೀನೇ ಅತ್ತಿದ್ದೆಯಲ್ಲ, ನನ್ನ ಮಗಳು ಬಂದ್ಲು ಅಂತ."

"ಅವಳು ನನ್ನ ಮಗಳು. ಬಂದ್ರೂ ಹೊರಟೋಗ್ತಾಳೆ. ಇವಳು ಹೋಗೋಳಲ್ಲ."

ಅಜ್ಜಿ ಸೊಗಡು ಮೆತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ತೂಬಗೆರೆಯ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳದ ಮಾತನ್ನು ನಿಧಾನಕ್ಕೆ, ಗೋಡೆಗೆ ಕೇಳಿಸದಂತೆ ಹೇಳಿದಳು.

ಪಿಳ್ಳಪ್ಪನ ಮೊದಲ ಹೆಂಡತಿಯ ಹೆಸರು ಅಮ್ಮಯಮ್ಮ. ಹತ್ತೊಂಬತ್ತು ತುಂಬುವುದರೊಳಗೆ, ದಿನ ತುಂಬಿದ ಬಸುರಿ, ಹೆರಲಾಗದೆ ಸತ್ತಳು. ಅವಳು ಒಳಕೋಣೆಯಲ್ಲಿ ನರಳುತ್ತಿದ್ದಾಗಲೇ ಅತ್ತೆ ಎರಡನೆಯ ಹೆಣ್ಣು ನೋಡಿ ಬಂದಿದ್ದಳು. ಅದು ಅವಳ ಕಿವಿಗೆ ಬಿತ್ತು. "ನನ್ನ ಜಾಗಕ್ಕೆ ಬರೋಳು ನನ್ನ ಕೇಳ್ದೆ ಒಂದು ನೂಲೂ ಮೈಮೇಲೆ ಹಾಕಂಗಿಲ್ಲ" ಎಂದು ಶಾಪ ಹಾಕಿ ಕಣ್ಣು ಮುಚ್ಚಿದಳು. ವರಲಕ್ಷ್ಮಿ ಸೊಸೆಯಾಗಿ ಬಂದ ಮೇಲೆ ಉಟ್ಟ ಸೀರೆ ಉಟ್ಟಲ್ಲೇ ಸೀಳತೊಡಗಿತು. ಅನ್ನ ಬಡಿಸಿಕೊಂಡರೆ ತಟ್ಟೆಯಿಂದ ಸುಟ್ಟ ಕೂದಲಿನ ವಾಸನೆ. ಅತ್ತೆ ಹಿಂದೂಪುರದ ಕಡೆಯಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದಳು. ಅವನು ಫೋಟೊದಲ್ಲಿದ್ದ ಅಮ್ಮಯಮ್ಮನನ್ನು ಕತ್ತರಿಸಿ ಕೆಂಡಕ್ಕೆ ಹಾಕಿದ. ಅವಳನ್ನು ಒಂದು ಸವತಿ ಬಿಲ್ಲೆಯಲ್ಲಿ ಕಟ್ಟಿಹಾಕಿದ. ಎರಡನೆಯ ಹೆಂಡತಿಯರು ಸತ್ತ ಸವತಿಯ ಹೆಸರಲ್ಲಿ ಕೊರಳಿಗೆ ಕಟ್ಟಿಕೊಳ್ಳುವ ಚಿನ್ನದ ಬಿಲ್ಲೆ ಅದು. ಎಲ್ಲರದರಲ್ಲೂ ಕಣ್ಣು, ಮೂಗು, ಬಾಯಿ ಒತ್ತಿರುತ್ತಾರೆ. ಇದರಲ್ಲಿ ಏನೂ ಇರಲಿಲ್ಲ. ಮುಖ ಸಿಕ್ಕಿದ ದಿನ ಎದ್ದು ಬರ್ತಾಳೆ ಎಂದು ಮಂತ್ರವಾದಿ ಅಕ್ಕಸಾಲಿಯನ್ನು ತಡೆದಿದ್ದ.

"ಗಂಡ ಹೋದ್ಮೇಲೆ ತಾಳಿ ತೆಗೆದ್ರು. ಇದನ್ನ ತೆಗೆಯೋಕೆ ಯಾರಿಗೂ ಧೈರ್ಯ ಬರ್ಲಿಲ್ಲ. ಆಮೇಲೆ ನಾನೇ ಬಿಚ್ಚಿ ಅರಿಶಿನದ ಭರಣೀಲಿ ಇಟ್ಟಿದ್ದೀನಿ," ಎಂದಳು ಅಜ್ಜಿ. "ಗಂಡ ಹೋದ, ಸವತಿ ಹೋಗ್ಲಿಲ್ಲ."

ಇವತ್ತಿಗೂ ಹೊಸ ಸೀರೆ ಬಂದರೆ ಅಜ್ಜಿ ಅದನ್ನು ಆ ಭರಣಿಯ ಮುಂದಿಟ್ಟು, ಅರಿಶಿನ ಕುಂಕುಮ ಇಟ್ಟು, "ಅಕ್ಕಾ, ಇದು ನಿಂದು. ನೀನು ಉಟ್ಟು ಬಿಟ್ಟಿದ್ದು ನಂಗೆ ಕೊಡು" ಎಂದು ಕೇಳಿಕೊಂಡೇ ಉಡುತ್ತಿದ್ದಳು. ಒಂದು ಸೀರೆಯೂ ಅವಳ ಪಾಲಿಗೆ ಹೊಸದಾಗಿರಲಿಲ್ಲ.

ಮೋನಿಷಾಳಿಗೆ ಸಿಟ್ಟು ಬಂತು. ದೊಡ್ಡಬಳ್ಳಾಪುರದ ಮಗ್ಗದ ಮನೆಯಿಂದ ಸಂಕ್ರಾಂತಿಗೆಂದು ತಂದಿದ್ದ ಗಿಣಿಹಸಿರು ಸೀರೆಯನ್ನು ಅಜ್ಜಿಯ ಮಡಿಲಿಗೆ ಹಾಕಿದಳು. "ಈ ಸಲ ಯಾರನ್ನೂ ಕೇಳೋ ಹಂಗಿಲ್ಲ. ಅಜ್ಜಿ, ಮೊದಲು ನೀನು ಉಡು."

ಅಜ್ಜಿ ಕೆಂಪು ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ಎರಡು ಮೂಗುತಿಯ, ಗಲ್ಲದಲ್ಲಿ ಗುಳಿಯಿದ್ದ ಅವಳ ಮುಖದಲ್ಲಿ ಚಿಕ್ಕ ಹುಡುಗಿಯ ಆಸೆಯೊಂದು ಇಣುಕಿ ಸರಿಯಿತು. ಸೀರೆಯನ್ನು ಮಡಿಚಿದ ಹಾಗೆಯೇ ಗೂಡಿನಲ್ಲಿಟ್ಟಳು.

ಮರುದಿನ ಊಟ ಮುಗಿಸಿ ಸೋದರಮಾವ ಮುನೀಂದ್ರ ಅಜ್ಜಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟ. ಪೊರೆ ತೆಗೆಸಿಕೊಂಡ ಕಣ್ಣಿಗೆ ಅಜ್ಜಿ ಕಪ್ಪು ಕನ್ನಡಕ ಹಾಕಿದ್ದಳು.

"ಏನಮ್ಮಾ ನಾಟಕದ ಕಂಪನಿ, ಇವತ್ತು ಯಾರ ಪಾತ್ರ?" ಎಂದ ಮುನೀಂದ್ರ.

"ನಿಮ್ಮ ದೊಡ್ಡಮ್ಮಂದು ಮಾವ."

ಮುನೀಂದ್ರನ ನಗು ಅರ್ಧಕ್ಕೇ ನಿಂತಿತು. "ತಮಾಷೆಗೂ ಅನ್ಬೇಡ," ಎಂದವನು ಬೈಕಿನ ಕಡೆ ತಿರುಗಿದ.

ಅವರು ಹೋದ ಮೇಲೆ ಮೋನಿಷಾ ಬೀದಿಬಾಗಿಲಿಗೆ ಅಗುಳಿ ಹಾಕಿದಳು. ನಡುಮನೆಗೆ ಕತ್ತಲು ಇಳಿಯಿತು. ಮಾಡಿನ ಬೆಳಕಿಂಡಿಯಿಂದ ಒಂದೇ ಒಂದು ಬಿಸಿಲಕೋಲು ಪಿಳ್ಳಪ್ಪನ ಹಳೆಯ ಕುರ್ಚಿಯ ಮೇಲೆ ಬೀಳುತ್ತಿತ್ತು. ಪಕ್ಕದ ಮನೆಯ ಮಗ್ಗ ಟಕಟಕ ಬಡಿಯುತ್ತಿತ್ತು. ಟ್ರಂಕಿನ ತಳದಿಂದ ಅಮ್ಮಯಮ್ಮನ ಧಾರೆ ಸೀರೆ ತೆಗೆದಳು. ನುಸಿಗುಳಿಗೆಯ ವಾಸನೆ, ಇಲಿಯ ವಾಸನೆ, ಅದರ ಕೆಳಗೆ ಹಳೆಯ ಜ್ವರದಂಥ ಇನ್ನೊಂದು ವಾಸನೆ. ಅಜ್ಜಿಯರ ಕಾಲದ ಹಾಗೆ ಪಿನ್ನಿಲ್ಲದೆ, ಕಣಕಾಲು ಕಾಣುವಂತೆ ಉಟ್ಟಳು. ಎಣ್ಣೆ ಹಚ್ಚಿ ಬೈತಲೆ ತೆಗೆದಳು. ಭರಣಿಗೆ ಕೈ ಹಾಕಿ ಅರಿಶಿನದೊಳಗಿಂದ ಬಿಲ್ಲೆಯನ್ನು ಎತ್ತಿ, ಕರಿದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿದಳು. ಅದು ಬಾವಿಯ ನೀರಿನಂತೆ ತಣ್ಣಗಿತ್ತು.

ಗೋಡೆಯ ಫೋಟೊದಲ್ಲಿದ್ದ ಕೈಯನ್ನೇ ನೋಡಿ, ಅದೇ ಓರೆಯಲ್ಲಿ ತನ್ನ ಕೈಯನ್ನು ಕುರ್ಚಿಯ ಬೆನ್ನಿಗಿಟ್ಟಳು. ರಿಮೋಟು ಒತ್ತಿದಳು.

ಚೆನ್ನಾಗಿ ಬರಲಿಲ್ಲ. ವೇಷ ಹಾಕಿದ ಮೋನಿಷಾ, ಅಷ್ಟೇ. ಮತ್ತೆ ತೆಗೆದಳು. ಮತ್ತೂ ಅಷ್ಟೇ.

ಅವಳು ಕಣ್ಣು ಮುಚ್ಚಿ ಆ ಹುಡುಗಿಯನ್ನು ನೆನೆದಳು. ತುಂಬಿದ ಹೊಟ್ಟೆ. ಆಚೆ ಜಗಲಿಯಲ್ಲಿ ಇನ್ನೊಂದು ಹೆಣ್ಣಿನ ಮಾತು. ತಾನಿನ್ನೂ ಉಸಿರಾಡುತ್ತಿರುವಾಗಲೇ ತನ್ನ ಜಾಗ ಅಳೆಯುತ್ತಿರುವ ಜನ. ಸತ್ತ ಮೇಲೆ ಮುಖವನ್ನೂ ಸುಟ್ಟರು. ಮೋನಿಷಾಳಿಗೆ ಕಣ್ಣೀರು ಬಂತು, ಬರಿಸಿಕೊಂಡದ್ದಲ್ಲ, ತಾನಾಗಿ ಬಂದದ್ದು. 'ಪಾಪ, ನನ್ನ ಮುಖದಲ್ಲಾದರೂ ಒಂದು ಸಲ ನೋಡು' ಎಂದುಕೊಂಡು ತಲೆ ಎತ್ತಿದಳು.

ಕ್ಯಾಮೆರಾ ಕ್ಲಿಕ್ ಎಂದಿತು.

ಅವಳು ಒತ್ತಿರಲಿಲ್ಲ.

ಪಕ್ಕದ ಮನೆಯ ಮಗ್ಗ ನಿಂತಿತು. ಕರೆಂಟು ಹೋಯಿತೇನೋ. ಅಷ್ಟು ಮೌನವನ್ನು ಆ ಮನೆಯಲ್ಲಿ ಅವಳು ಕೇಳಿರಲಿಲ್ಲ. ತನ್ನತ್ತ ತಿರುಗಿಸಿಟ್ಟಿದ್ದ ಪುಟ್ಟ ಪರದೆಯಲ್ಲಿ ಫೋಟೊ ಮೂಡಿತು. ಮೂಗು ಅವಳದೇ. ತುಟಿ ಅವಳದೇ. ನೋಡುತ್ತಿದ್ದವಳು ಬೇರೆ.

ಸುಟ್ಟ ಕೂದಲಿನ ವಾಸನೆ.

ಕೈ ತೆಗೆಯಲು ನೋಡಿದಳು. ಬರಲಿಲ್ಲ. ಕುರ್ಚಿಯ ಮರ ಬೆರಳುಗಳನ್ನು ಹಿಡಿದಿತ್ತು. ಕ್ಲಿಕ್. ಸೀರೆಯ ನೆರಿಗೆಯ ಕೆಳಗೆ ಹೊಟ್ಟೆ ಬಿಗಿಯಿತು. ತುಂಬಿತು. ಒಳಗೆ ಏನೋ ಒಮ್ಮೆ ಹೊರಳಿ ಸುಮ್ಮನಾಯಿತು. ಕ್ಲಿಕ್. ಇನ್ನೊಂದು ಕೈಯಿಂದ ಕೆನ್ನೆ ಮುಟ್ಟಿಕೊಂಡಳು. ಕೆನ್ನೆಗೆ ತಿಳಿಯಲಿಲ್ಲ. ಅಮ್ಮಾ ಎಂದು ಕೂಗಬೇಕೆಂದುಕೊಂಡಳು. ಅಮ್ಮ ಹೇಗಿದ್ದಳು? ನೀಲಿ ಸೀರೆ. ಸೀರೆಯ ಮೇಲೆ ಮುಖವಿಲ್ಲ. ತನ್ನ ಹೆಸರೇನು? ಕ್ಲಿಕ್.

"ಮೋನೀ! ಹಗಲು ಹೊತ್ತಲ್ಲಿ ಅಗುಳಿ ಯಾಕೆ ಹಾಕ್ಕೊಂಡಿದ್ದೀಯೇ?"

ಹೊರಗೆ ಅಜ್ಜಿಯ ದನಿ. ಒಳಗಿನಿಂದ ಉತ್ತರ ಹೋಯಿತು. ಮೋನಿಷಾಳ ಬಾಯಿಂದಲೇ ಹೋಯಿತು.

"ಬಾ ವರಲಕ್ಷ್ಮಿ. ನಿನ್ನ ಮುಖ ನಾನು ನೋಡೇ ಇಲ್ವಲ್ಲ."

ಬಾಗಿಲಾಚೆಯಿಂದ "ನೀನು ಒಳಕ್ಕೆ ಬರಬ್ಯಾಡ ಕಣೋ ಮುನೀಂದ್ರ," ಎಂಬ ಮಾತು. ಅಡುಗೆಮನೆಯ ಹಿಂಬಾಗಿಲ ಹೊರಚಿಲಕ ಸರಿಯಿತು. ಅಜ್ಜಿ ಗೋಡೆ ಹಿಡಿದುಕೊಂಡು ನಡುಮನೆಗೆ ಬಂದಳು. ಕಪ್ಪು ಕನ್ನಡಕ ತೆಗೆದಳು.

"ಬಿಟ್ಬಿಡಕ್ಕಾ. ಎಳೇದು. ತಾಯಿಲ್ಲದ ಮಗು."

"ನಂದೂ ಎಳೇದೇ ಇತ್ತು."

ಅಜ್ಜಿ ಅಳುತ್ತಾ ನಿಂತಳು. ಆಮೇಲೆ ಗೂಡಿಗೆ ಕೈ ಹಾಕಿ ಗಿಣಿಹಸಿರು ಸೀರೆ ತೆಗೆದಳು. ಅರಿಶಿನ ಇಡಲಿಲ್ಲ. ಕುಂಕುಮ ಇಡಲಿಲ್ಲ. ಕೊಡವಿ ಬಿಚ್ಚಿ, ಉಟ್ಟ ಸೀರೆಯ ಮೇಲೆಯೇ ಸುತ್ತಿಕೊಂಡು ಸೆರಗು ಹೊದ್ದಳು.

"ನೋಡಕ್ಕ. ಕೇಳ್ದೆ ಉಟ್ಟಿದ್ದೀನಿ. ಇದು ನಂದು. ನಾನೇ ಮೊದಲು ಉಟ್ಟಿದ್ದು."

ಮೋನಿಷಾಳ ಮೈ ಗರಕ್ಕನೆ ಅವಳತ್ತ ತಿರುಗಿತು. ಗಂಟಲಿನಿಂದ ಹೊರಟದ್ದು ಮನುಷ್ಯರ ದನಿಯಾಗಿರಲಿಲ್ಲ. ಅಜ್ಜಿ ಹಿಂಜರಿಯಲಿಲ್ಲ. ಕೊರಳಿಗೆ ಕೈ ಹಾಕಿದಳು. ದಾರ ಕಿತ್ತಳು. ತನ್ನ ಕೊರಳಿಗೆ ಸುತ್ತಿಕೊಂಡಳು. ಕುರ್ಚಿಯ ಬೆನ್ನಿಗೆ ತನ್ನ ಕೈ ಇಟ್ಟಳು. ಬದುಕಿನಲ್ಲಿ ಒಂದು ಸಲವೂ ಕ್ಯಾಮೆರಾವನ್ನು ನೇರ ನೋಡದವಳು ತಲೆ ಎತ್ತಿ ನೋಡಿದಳು.

"ಮುಖ ತಾನೇ ಬೇಕು ನಿಂಗೆ? ತಗೋ."

ಕ್ಲಿಕ್.

ಮುನೀಂದ್ರ ಹಿಂಬಾಗಿಲಿನಿಂದ ನುಗ್ಗಿದಾಗ ಮೋನಿಷಾ ನೆಲದಲ್ಲಿ ಬಿದ್ದು ತನ್ನ ಕೆನ್ನೆ ತಾನೇ ತಡಕಿಕೊಳ್ಳುತ್ತಿದ್ದಳು. ಹೊಟ್ಟೆ ಇಳಿದಿತ್ತು. ಪಕ್ಕದ ಮಗ್ಗ ಬಡಿಯತೊಡಗಿತ್ತು. ಅವನ ತಾಯಿ ಕುರ್ಚಿಯಲ್ಲಿ ಕೂತು ಹೊಟ್ಟೆ ಸವರಿಕೊಳ್ಳುತ್ತಿದ್ದಳು.

"ಅಮ್ಮಾ, ಏನಾಯ್ತಮ್ಮಾ?"

ಅವಳು ಅವನನ್ನು ಬಹಳ ಹೊತ್ತು ನೋಡಿದಳು. "ಯಾರಪ್ಪಾ ನೀನು?"

ಡಾಕ್ಟರು ಮುಪ್ಪಿನ ಮರೆವು ಎಂದರು. ಮುನೀಂದ್ರ ನಂಬಿದ. ನಂಬದೆ ಅವನಿಗೆ ಬೇರೆ ದಾರಿ ಇರಲಿಲ್ಲ. ಮೋನಿಷಾ ಬೆಂಗಳೂರಿನ ರೂಮು ಬಿಟ್ಟು ತೂಬಗೆರೆಗೇ ಬಂದಳು. ಕ್ಯಾಮೆರಾದಲ್ಲಿ ಕೊನೆಯದೊಂದನ್ನು ಬಿಟ್ಟು ಎಲ್ಲ ಅಳಿಸಿದಳು. ಅದರಲ್ಲಿ ಗಿಣಿಹಸಿರು ಸೀರೆಯುಟ್ಟ ಅಜ್ಜಿ ನಿಂತಿದ್ದಳು. ಹೊಸ ಸೀರೆ ಉಟ್ಟ ಹುಡುಗಿಯರಲ್ಲಿ ಇರುತ್ತದಲ್ಲ, ಅಂಥ ಒಂದು ಬಿಂಕ ಅವಳ ಮುಖದಲ್ಲಿತ್ತು.

ಮೊದಮೊದಲು ಅಜ್ಜಿಯ ಮೈಯೊಳಗಿದ್ದವಳನ್ನು ಕಂಡರೆ ಮೋನಿಷಾಳಿಗೆ ಮೈ ಉರಿಯುತ್ತಿತ್ತು. ಒಂದು ಬೆಳಿಗ್ಗೆ ಅವಳು ಕನ್ನಡಿ ಕೇಳಿದಳು. ಕೊಟ್ಟಾಗ ನೋಡಿ, ತಿರುಗಿಸಿ, ಹಿಂಬದಿಯನ್ನೂ ನೋಡಿದಳು.

"ಈ ಮುದುಕಿ ಯಾರು?"

ಮೋನಿಷಾ ಕನ್ನಡಿಯನ್ನು ಹಿಂದಕ್ಕೆ ತೆಗೆದುಕೊಂಡಳು.

"ನಾನು ಎಲ್ಲಿ?" ಎಂದು ಕೇಳಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ವರ್ಷ ಕಾದು ಪಡೆದ ಮುಖ ಸುಕ್ಕಾಗಿತ್ತು. ಒಡಲು ಬತ್ತಿಹೋಗಿತ್ತು. ಒಳಗಿದ್ದವಳಿಗೆ ಮಾತ್ರ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮೋನಿಷಾ ಬಾಚಣಿಗೆ ತಂದು ಅವಳ ನರೆಗೂದಲನ್ನು ಬಾಚತೊಡಗಿದಳು.

ಸಂಕ್ರಾಂತಿಯ ದಿನ ಹಿತ್ತಲಲ್ಲಿ ಅವರೆಕಾಯಿ ಬೇಯುವ ವಾಸನೆ ಹಬ್ಬಿತ್ತು. ಅಂದು ಅಜ್ಜಿಯ ಕೊರಳಿನಿಂದ ಬಿಚ್ಚಿ ಅರಿಶಿನದ ಭರಣಿಗೆ ಹಾಕಿದ್ದ ಬಿಲ್ಲೆಯನ್ನು ಮೋನಿಷಾ ತೆಗೆದು ಸೆರಗಿನಲ್ಲಿ ಒರೆಸಿದಳು. ಯಾವ ಅಕ್ಕಸಾಲಿಯೂ ಮುಟ್ಟದ ಆ ಚಿನ್ನದಲ್ಲಿ ಈಗ ಮುಖವಿತ್ತು. ಎರಡು ಮೂಗುತಿ. ಗಲ್ಲದ ಗುಳಿ. ಪೊರೆ ತೆಗೆಸಿಕೊಂಡ, ಬೆಳಕಿಗೆ ಕಿರಿದಾದ ಕಣ್ಣು.

ಮಡಿಕೆ ಬಿಚ್ಚದ ಹೊಸ ಸೀರೆಯೊಂದನ್ನು ಅದರ ಮುಂದಿಟ್ಟು, ಅರಿಶಿನ ಕುಂಕುಮ ಇಟ್ಟು, ಅವಳು ಮಂಡಿಯೂರಿದಳು.

"ಅಜ್ಜಿ," ಎಂದಳು. "ಮೊದಲು ನೀನು ಉಡು."