ಕೇಬಲ್ ಹಿಡಿದು ಬಂದವನು

"ಏನ್ ಮಾಡಿಟ್ಟಿದೀಯೋ ಎರ್ಮೆಕ್? ಮುಂಚೆ ನಿಧಾನವಾಗಾದ್ರೂ ಬರ್ತಿತ್ತು. ಈಗ ಇಂಟರ್ನೆಟ್ ಪೂರ್ತಿ ಸತ್ತೋಗಿದೆ!"

ಮೇಜಿನಡಿಯಿಂದ ಎರ್ಮೆಕ್ ತಲೆ ಹೊರಹಾಕಿದ. ಸೈಕಾಲ್‌ಳ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡ್ ಕೂರಿಸಿದ್ದವನು ಅವನೇ. ಹುಬ್ಬಿನ ಮೇಲೆಲ್ಲ ಧೂಳು. ಒರೆಸಲೆಂದು ಅವಳ ಕೈ ಮುಂದೆ ಹೋಯಿತು. ಅಡುಗೆಮನೆಯಲ್ಲಿ ಅಮ್ಮ ಇದ್ದದ್ದು ನೆನಪಾಗಿ ಹಿಂದೆ ಬಂತು. ಅದು ಅವನ ಕಣ್ಣಿಗೂ ಬಿತ್ತು.

"ಡ್ರೈವರ್ ಇರಬೇಕು. ನಾಳೆ ತರ್ತೀನಿ," ಎಂದ, ನೋಟ ಕದಲಿಸದೆ.

ಮರುದಿನ ಡ್ರೈವರ್ ಹಾಕಿದ. ಹಸಿರು ದೀಪ ಮಿನುಗಿತು, ಇಂಟರ್ನೆಟ್ ಬರಲಿಲ್ಲ. ಆಮೇಲೆ ಮೋಡೆಮ್ ಮೇಲೆ ಅನುಮಾನ, ಆಮೇಲೆ ಕೇಬಲ್ ಮೇಲೆ. ವಾರವಿಡೀ ಅವನು ಕರಾಕೋಲ್ ಊರಿನ ಹಿಮವನ್ನು ಬೂಟಿನಿಂದ ಕೊಡವಿಕೊಂಡು ಬಂದ. ಅಮ್ಮ ಬೋರ್ಸೋಕ್ ಹಿಟ್ಟಿನುಂಡೆಗಳನ್ನು ಕರಿದು ಕೆನೆಯ ಜೊತೆ ಇಟ್ಟಳು.

"ರಿಪೇರಿ ಆಗ್ಬಿಟ್ರೆ ಇಲ್ಲಿಗ್ ಬರೋಕೆ ನಿಂಗೇನೋ ನೆಪ?" ಸೈಕಾಲ್ ಕೆಣಕಿದಳು.

"ಅದಕ್ಕೇ ಆಗ್ತಿಲ್ಲ."

ಇಬ್ಬರೂ ನಕ್ಕರು.

ದೂರದ ಅಲ್ಮಾತಿ ನಗರದ ಪ್ರಕಾಶಕರೊಬ್ಬರು ಅನುವಾದದ ಕೆಲಸಕ್ಕೆ ಅವಳನ್ನು ಸಂದರ್ಶಿಸಿದ್ದರು. ಕೆಲಸ ಸಿಕ್ಕರೆ ಅವಳು ಅಲ್ಲಿಗೇ ಹೋಗಿ ಇರಬೇಕಿತ್ತು. ಉತ್ತರ ಮೇಲ್‌ನಲ್ಲಿ ಬರಬೇಕಿತ್ತು. ಎರ್ಮೆಕ್‌ಗೂ ಅದು ಗೊತ್ತಿತ್ತು. ಪೇಟೆಯ ಇಂಟರ್ನೆಟ್ ಕೆಫೆಗೆ ಅವಳು ಹೋಗಬಹುದಿತ್ತು. ಆದರೆ 'ನಾಳೆ ಸರಿಯಾಗುತ್ತೆ' ಎಂದು ಅವನು ಹೇಳುತ್ತಿದ್ದ. ಆ ನಾಳೆಗಳು ಅವಳಿಗೂ ಬೇಕಾಗಿದ್ದವು.

ಶನಿವಾರ ಬೇಸತ್ತು ಇಂಟರ್ನೆಟ್ ಕಂಪನಿಗೆ ಅವಳೇ ಫೋನ್ ಮಾಡಿದಳು.

"ಬೋರ್ಡ್ ಬದಲಾದ್ರೆ ಅದರಲ್ಲಿರೋ ನೆಟ್‌ವರ್ಕ್ ಕಾರ್ಡಿನ ನಂಬರೂ ಬದಲಾಗುತ್ತೆ ಅಕ್ಕಾ," ಎಂದಳು ಆಚೆಯ ಹುಡುಗಿ. "ನಮ್ಮಲ್ಲಿ ಇನ್ನೂ ಹಳೇದೇ ಇದೆ. ಹೊಸ ನಂಬರ್ ಹೇಳಿದ್ರೆ ಸಾಕು. ಸೋಮವಾರಾನೇ ನಿಮ್ಮ ಕಡೆಯೋರು ಫೋನ್ ಮಾಡಿದ್ರಲ್ಲ? ಹೇಳಿದ್ವಿ. ಆಮೇಲ್ ಕೊಡ್ತೀನಿ ಅಂತ ಇಟ್ಬಿಟ್ರು."

ನಂಬರ್ ಎಲ್ಲಿ ಸಿಗುತ್ತದೆಂದು ಆ ಹುಡುಗಿಯೇ ಹೇಳಿಕೊಟ್ಟಳು. ಸೈಕಾಲ್ ಓದಿ ಹೇಳುತ್ತಿದ್ದಂತೆ ಇಂಟರ್ನೆಟ್ ಬಂತು. ಮೇಲ್‌ಗಳೂ ಬಂದವು. ಕೆಲಸ ಅವಳದೇ, ಶುಕ್ರವಾರದೊಳಗೆ ಒಪ್ಪಿಗೆ ತಿಳಿಸಿ ಎಂದು ಒಂದು. ಉತ್ತರ ಬಾರದ್ದರಿಂದ ಬೇರೊಬ್ಬರನ್ನು ತೆಗೆದುಕೊಂಡಿದ್ದೇವೆ ಎಂದು ಇನ್ನೊಂದು. ಕೂಡಲೇ ಅಲ್ಮಾತಿಗೆ ಫೋನ್ ಮಾಡಿದಳು. ಅವರು ವಿಷಾದಿಸಿದರು, ಅಷ್ಟೇ.

ಸಂಜೆ ಎರ್ಮೆಕ್ ಹೊಸ ಕೇಬಲ್ ಸುರುಳಿ ಹಿಡಿದು ಬಂದ. ಬೆಳಗುತ್ತಿದ್ದ ಪರದೆ ನೋಡಿದ. ಮುಖದ ನಗು ಅಲ್ಲೇ ನಿಂತಿತು.

"ಸೋಮವಾರಾನೇ ಗೊತ್ತಿತ್ತಾ?"

ಅವನು ಸುಳ್ಳು ಹೇಳಲಿಲ್ಲ. "ಗೊತ್ತಿತ್ತು. ಆ ಮೇಲ್ ಬಂದ್ರೆ ನೀನು ಹೊರಟುಬಿಡ್ತೀಯ ಅಂತ... ಸೈಕಾಲ್, ನೀನಂದ್ರೆ ನಂಗೆ..."

"ಇವತ್ತು ಹೇಳ್ಬೇಡ."

"ಇವತ್ತಲ್ದೆ ಇನ್ಯಾವತ್ತು ಹೇಳ್ಲಿ?"

"ಹೋಗ್ಬೇಡ ಅಂತ ಒಂದ್ ಮಾತು ಅಂದಿದ್ರೆ ಹೋಗ್ತಿರ್ಲಿಲ್ವಲ್ಲೋ! ನಾನೇ ಕೂತು, ಕೆಲ್ಸ ಬೇಡ ಅಂತ ಬರೀತಿದ್ದೆ, ಖುಷಿಯಾಗಿ. ನಿಂಗೋಸ್ಕರ ಬಿಟ್ಟೆ ಅಂತ ಹೇಳ್ಕೊಳ್ಳೋಕೂ ನಂಗೇನೂ ಉಳಿಸ್ಲಿಲ್ಲ ನೀನು. ನೀನೇ ಕಿತ್ಕೊಂಡೆ."

ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳು ಕುರ್ಚಿಯನ್ನು ಹಿಂದಕ್ಕೆಳೆದುಕೊಂಡಳು. ಅಷ್ಟು ಸಾಕಾಯಿತು. ಅವನು ಬಾಗಿಲತ್ತ ತಿರುಗಿದ.

"ಬಂದ್ಯಾ ಮಗಾ? ಚಹಾ ಹಾಕ್ದೆ, ಕೂತ್ಕೋ," ಅಮ್ಮ ಒಳಗಿನಿಂದ ಕೂಗಿದಳು.

"ಹೊರಟ್ನಮ್ಮಾ," ಎಂದ ಎರ್ಮೆಕ್. "ಕೆಲ್ಸ ಮುಗೀತು."

ಬೂಟಿನ ದಾರ ಕಟ್ಟಿಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಸೈಕಾಲ್ ಅವನಿಗೆ ಬೆನ್ನು ಮಾಡಿ ಕೂತಿದ್ದಳು. ನಿಲ್ಲು ಎನ್ನಲಿಲ್ಲ.