ಆರನೇ ಸಾಲಿನ ಪಾಚಿ

ನಮ್ಮೂರ ಈಜುಕೊಳ ಪಾಚಿಗಟ್ಟಿದ ದಿನ ಬೆಳಿಗ್ಗೆ ಕ್ಲೆಮ್ ಓಡೋಡಿ ಬಂದು ಐಡಾಳ ಬಾಗಿಲು ಬಡಿದ. ಕೊಳದ ಉಸ್ತುವಾರಿ ಅವನದು.

"ಐಡಕ್ಕಾ, ನೀನೇ ಕಾಪಾಡ್ಬೇಕು. ನಾನು ಕ್ಲೋರಿನ್ ಹಾಕೋದು ಮರೆತೆ ಅಂತಾನೆ ರಸ್. ಶನಿವಾರ ಮಕ್ಕಳ ಸ್ಪರ್ಧೆ. ಅಷ್ಟರೊಳಗೆ ಕಾರಣ ಗೊತ್ತಾಗ್ದಿದ್ರೆ ಕೆಲ್ಸ ಬಿಟ್ಟು ನಡಿ ಅಂದ."

ರಸ್ ಕೌನ್ಸಿಲ್ ಅಧ್ಯಕ್ಷ. ಬಾಯಿ ದೊಡ್ಡದು, ಬುದ್ಧಿ ಅಷ್ಟಕ್ಕಷ್ಟೆ. ಐಡಾ ಟ್ರಿಜೈಸ್ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಊರಿನಲ್ಲಿ ಏನು ಕಳೆದರೂ, ಏನು ಕೆಟ್ಟರೂ ಜನ ಅವಳ ಬಳಿಗೇ ಬರುತ್ತಿದ್ದರು. ಪಕ್ಕದ ಮನೆಯವಳಾದ ನನ್ನ ಪಾಲಿಗೆ ಬರುತ್ತಿದ್ದುದು ಅವಳ ಚೀಲ ಹೊರುವ ಭಾಗ್ಯ.

ನೀರು ಬಟಾಣಿ ಸಾರಿನಂತಿತ್ತು. ಐಡಾ ಪರೀಕ್ಷೆ ಮಾಡಿದಳು. "ಕ್ಲೋರಿನ್ ಬೇಕಾದಷ್ಟಿದೆ. ಆದ್ರೆ ಕ್ಷಾರ ಏರಿದೆ. ಕ್ಷಾರ ಏರಿದ್ರೆ ಕ್ಲೋರಿನ್ ಇದ್ದೂ ಇಲ್ದಂಗೆ."

"ಆಮ್ಲ ಸುರಿದ್ರೂ ಪೂರ್ತಿ ಇಳೀತಿಲ್ಲ ಅಕ್ಕಾ," ಎಂದ ಕ್ಲೆಮ್.

ಇನ್ನೊಂದು ನಳಿಕೆಯ ನೀರು ಗಾಢ ನೀಲಿಗೆ ತಿರುಗಿತು. ಫಾಸ್ಫೇಟ್! ಪಾಚಿಗೆ ಅದು ಹಬ್ಬದೂಟ.

"ಬೇಲಿಯಾಚೆ ಬೌಲ್ಸ್ ಚೆಂಡಾಟ ಆಡೋ ಹುಲ್ಲಿಗೆ ಹಾಕಿದ ಗೊಬ್ಬರ ಕಣೇ!" ಎಂದೆ.

"ಆತುರಗಾರ್ತಿ! ಆ ಹುಲ್ಲಿರೋದು ಒಂದನೇ ಈಜುಸಾಲಿನ ಕಡೆ. ಪಾಚಿ ದಟ್ಟವಾಗಿರೋದು ಆರನೇ ಸಾಲಿನ ತುದೀಲಿ."

ಆ ತುದಿಯ ತಳದಿಂದ ಕ್ಲೆಮ್ ಒಂದಿಷ್ಟು ಬೂದುಬಣ್ಣದ ಪುಡಿ ಎತ್ತಿಕೊಟ್ಟ. ಐಡಾ ಆಮ್ಲ ಬಿಟ್ಟಳು. ಅದು ನೊರೆಯೆದ್ದು ಕರಗಿತು. ಮರಳಲ್ಲ ಎಂಬುದು ಖಾತ್ರಿಯಾಯಿತು.

"ಆರನೇ ಸಾಲಲ್ಲಿ ಯಾರು ಈಜ್ತಾರೆ, ಕ್ಲೆಮ್?"

"ಈಗ ಯಾರೂ ಇಲ್ಲ. ದಿನಾ ಮುಂಜಾನೆ ಸಿಡ್ ಡೆಂಟ್ ಈಜ್ತಿದ್ದ. ಪಾಪ, ಚಳಿಗಾಲದಲ್ಲಿ ಹೋಗ್ಬಿಟ್ಟ. ಅವನ ಮರ್ಯಾದೆಗೆ ಜನ ಆ ಸಾಲು ಬಿಟ್ಟಿದಾರೆ. ಹೆಂಡ್ತಿ ವಿನಿ ಬಂದು ದಡದಲ್ಲಿ ಕೂತು ಹೋಗ್ತಾಳೆ. ಕೊಳದ ಬೀಗದಕೈ ಎಲ್ಲರ ಮನೇಲೂ ಇದೆಯಲ್ಲ."

ಉಳಿದ ಪುಡಿಯನ್ನು ಐಡಾ ಕರವಸ್ತ್ರದಲ್ಲಿ ಜೋಪಾನವಾಗಿ ಕಟ್ಟಿದಳು.

ಶುಕ್ರವಾರ ಸಂಜೆ ಎಲ್ಲರೂ ಕೊಳದ ಬಳಿ ಸೇರಿದೆವು. ವಿನಿ ಲ್ಯಾಮಿಂಗ್ಟನ್ ಕೇಕಿನ ತಟ್ಟೆ ಹಿಡಿದು ಹಂಚುತ್ತಿದ್ದಳು.

"ಕ್ಲೆಮ್ ಏನೂ ಮರೆತಿಲ್ಲ," ಎಂದಳು ಐಡಾ. "ಯಾರೋ ನೀರಿಗೆ ಬೂದಿ ಹಾಕಿದಾರೆ. ಅದರಿಂದ ಕ್ಷಾರ ಏರಿ ಕ್ಲೋರಿನ್ ಸೋತಿತು. ಕ್ಷಾರ ಇಳಿಸೋಕೆ ಇವನು ಪದ್ಧತಿ ಪ್ರಕಾರ ಆಮ್ಲ ಸುರಿದ. ಆಮ್ಲ ಬೂದೀಲಿದ್ದ ಮೂಳೆಪುಡಿ ಕರಗಿಸಿತು. ಮೂಳೆ ಅಂದ್ರೇನೇ ಫಾಸ್ಫೇಟ್. ಹಾಕಿದವರಿಗೆ ಇದು ಗೊತ್ತಿರಲಿಲ್ಲ, ಅಷ್ಟೆ."

"ಕತೆ ಬೇಡ, ಹೆಸರು ಹೇಳು!" ರಸ್ ಗುಡುಗಿದ. "ಇಲ್ದಿದ್ರೆ ಕ್ಲೆಮ್ ಮನೆಗೆ ಹೋಗ್ಲಿ."

ಐಡಾ ನಳಿಕೆಗಳನ್ನು ಚೀಲಕ್ಕೆ ತುಂಬತೊಡಗಿದಳು. ವಿನಿ ತಟ್ಟೆ ಕೆಳಗಿಟ್ಟಳು.

"ನಾನೇ. ಅದು ನನ್ನ ಸಿಡ್. ಸಮುದ್ರಕ್ಕೆ ಬಿಡು ಅಂದ್ರು ಮಕ್ಕಳು. ಅವನಿಗೆ ಸಮುದ್ರ ಅಂದ್ರೆ ಭಯ. ಇಲ್ಲೇ ಇರ್ಲಿ ಅಂತ... ಅಯ್ಯೋ ಕ್ಲೆಮ್, ನಿನ್ನ ಅನ್ನಕ್ಕೆ ಕಲ್ಲು ಹಾಕ್ಬಿಟ್ಟೆನಲ್ಲೋ!"

ರಸ್ ಟೋಪಿ ತೆಗೆದ. ಕೆಲಸದ ಮಾತು ಮುಗೀತು, ಕ್ಲೆಮ್ ಇರಲಿ ಎಂದು ಗೊಣಗಿದ.

ಕ್ಲೆಮ್ ಅವಳ ಪಕ್ಕ ಕುಳಿತ. "ತಳ ಹೀರಿ ಹೊರಗೆ ಬಿಡ್ಲೇಬೇಕು ವಿನಿ, ಬೇರೆ ದಾರಿ ಇಲ್ಲ. ಚರಂಡಿಗೆ ಬಿಡೋದು ವಾಡಿಕೆ." ಅವಳ ಮುಖ ಕಂಡು ನೀರು ಹೊರಬಿಡುವ ಪೈಪಿನ ತುದಿಯನ್ನು ಅವಳ ಕೈಗೇ ಕೊಟ್ಟ. "ಎಲ್ಲಿಗೆ ಬಿಡ್ಲಿ, ನೀನೇ ಹೇಳು."

ವಿನಿ ಪೈಪನ್ನು ನೀಲಗಿರಿ ಮರದ ಬುಡಕ್ಕೆ ಎಳೆದುಕೊಂಡು ಹೋದಳು. "ಇಲ್ಲಿ. ಒದ್ದೆ ಚಡ್ಡೀಲೇ ಕೂತು ಇಲ್ಲೇ ಟೀ ಕುಡೀತಿದ್ದ."

ಕ್ಲೆಮ್ ಪಂಪು ಹಾಕಿದ. ನನಗೆ ಅಳು ತಡೆಯಲಾಗಲಿಲ್ಲ. ಬೂದಿನೀರೆಲ್ಲ ಬೇರಿಗೆ ಇಳಿಯುವವರೆಗೂ ವಿನಿ ಪೈಪು ಕೈಬಿಡಲಿಲ್ಲ.