ಅಂಟುವಾಳ ಕೆಡಿಸಿದ ನೇರಳೆ

ನೇರಳೆ ಬಣ್ಣ ಬಂದ ಹಾಗೆ ಬಂದು ನೇತ್ರಾಳ ಕಣ್ಣೆದುರೇ ಕಂದಿತು. ಫ್ಲಾಸ್ಕಿನ ತಳದಲ್ಲಿ ತುಕ್ಕಿನಂಥ ಗಸಿ ಕೂತಿತು. ಈ ವಾರವೆಲ್ಲ ಇದೇ ಗೋಳು.

ಕುಮಟಾದ ಕಾಲೇಜಿನ ಲ್ಯಾಬಿನಲ್ಲಿ ಅವಳೂ ಗುರುದತ್ತನೂ ಸೇರಿ ಫೆರೇಟ್ ಎಂಬ ನೇರಳೆ ಬಣ್ಣದ ಕಬ್ಬಿಣದ ರಾಸಾಯನಿಕ ತಯಾರಿಸುತ್ತಿದ್ದರು. ಸಿಗಡಿ ಹೊಂಡದ ಕೊಳಕು ನೀರನ್ನು ಅದರಿಂದ ಶುದ್ಧ ಮಾಡುವ ಯೋಚನೆ. ಗೈಡ್ ವನಮಾಲಾ ಮೇಡಂ ಬೆಳಿಗ್ಗೆಯೇ ಎಚ್ಚರಿಸಿ ಹೋಗಿದ್ದರು: "ಮಧ್ಯಾಹ್ನ ಊಟ ಮಾಡ್ಕಂಡು ಬರ್ತೆ. ಬಣ್ಣ ನಿಂತಿರ್ಬೇಕು. ಇಲ್ದಿದ್ರೆ ಇಬ್ರಿಗೂ ಬೇರೆ ಬೇರೆ ಕೆಲ್ಸ."

ಫೆರೇಟ್ ಹೋದರೆ ಇನ್ನೊಂದು ವಿಷಯ ಸಿಗುತ್ತದೆ. ಪಕ್ಕದ ಸ್ಟೂಲಿನಲ್ಲಿ ಕೂತು ಕನ್ನಡಕದ ಮೇಲಿಂದ ಕದ್ದು ನೋಡುವ ಈ ಮನುಷ್ಯ ಮತ್ತೆಲ್ಲಿ ಸಿಗಬೇಕು? ನೇತ್ರಾಳಿಗೆ ಅಳು ಬರುವುದೊಂದು ಬಾಕಿ.

"ಕಾಸ್ಟಿಕ್ ಸರಿ ಇತ್ತು. ಬ್ಲೀಚ್ ಹೊಸ್ತು. ಐಸೂ ಕರಗಿಲ್ಲ. ಫ್ಲಾಸ್ಕ್ ತೊಳ್ದದ್ದು ಯಾರು?" ಎಂದು ಕೇಳಿದಳು.

"ನಾನೇ," ಎಂದ ಗುರುದತ್ತ, ತಲೆ ಎತ್ತದೆ. ದಿನಾ ಮುರ್ಡೇಶ್ವರದಿಂದ ರೈಲಿನಲ್ಲಿ ಬಂದು ಲ್ಯಾಬಿನ ಬಾಗಿಲು ತೆಗೆಯುವವನು ಅವನೇ.

"ಎಂತದ್ರಲ್ಲಿ ತೊಳ್ದೆ?"

ಅವನು ಕನ್ನಡಕ ತೆಗೆದು ಒರೆಸತೊಡಗಿದ.

"ನನ್ ಸಂಗ್ತಿ ಕೆಲ್ಸ ಬೇಡಾಗಿದ್ರೆ ಬಾಯ್ಬಿಟ್ಟು ಹೇಳು ಮಾರಾಯ. ಹಾಳು ಮಾಡಿ ತೋರ್ಸೂದೆಂತಕ್ಕೆ?"

ಗುರುದತ್ತನ ಮುಖ ಕೆಂಪೇರಿತು. ಸಿಂಕಿನ ಕೆಳಗಿಂದ ಒಂದು ಡಬ್ಬಿ ತೆಗೆದು ಅವಳ ಮುಂದಿಟ್ಟ. ಒಳಗೆ ನೆನೆಹಾಕಿದ ಅಂಟುವಾಳದ ಕಾಯಿ.

"ಲ್ಯಾಬಿನ ಸೋಪಿನ ಪೌಡರಿಗೆ ನಿನ್ ಕೈ ಬಿರಿದು ರಕ್ತ ಬಂದಿತ್ತಲ್ಲ. ನೀನು ಗಾಜು ಮುಟ್ಟಿದ್ರೆ ಉರೀಬಾರ್ದು ಅಂತ ಇದ್ನ ಮನೆಯಿಂದ ತಂದೆ. ನೊರೆ ಹೋಗೂ ತನಕ ತೊಳ್ದಿದ್ದೆ."

ನೇತ್ರಾ ತನ್ನ ಬೆರಳುಗಳನ್ನು ನೋಡಿಕೊಂಡಳು. ಬಿರುಕು ಯಾವಾಗ ಮಾಯಿತೋ ಅವಳಿಗೇ ಗೊತ್ತಾಗಿರಲಿಲ್ಲ. ಸಿಟ್ಟೂ ಪ್ರೀತಿಯೂ ಒಟ್ಟೊಟ್ಟಿಗೆ ಉಕ್ಕಿ ಬಂದವು.

ಫೆರೇಟಿನೊಳಗಿನ ಕಬ್ಬಿಣ ಹಸಿದ ಹೊಟ್ಟೆಯದು. ಎದುರು ಸಿಕ್ಕಿದ್ದರಿಂದ ಎಲೆಕ್ಟ್ರಾನ್ ಕಿತ್ತುಕೊಂಡು, ಹೊಟ್ಟೆ ತುಂಬಿದ ಮೇಲೆ ತುಕ್ಕಾಗಿ ತಳ ಸೇರುತ್ತದೆ. ಗಾಜಿಗೆ ಅಂಟಿದ್ದ ಅಂಟುವಾಳದ ಪಸೆಯೇ ಅದಕ್ಕೆ ಊಟವಾಗಿತ್ತು.

"ಇನ್ನೊಂದು ಫ್ಲಾಸ್ಕಿಗೆ ಬಿಸಿ ಬ್ಲೀಚ್ ಹಾಕು. ಪಸೆಯನ್ನೆಲ್ಲ ಅದೇ ತಿನ್ಲಿ," ಎಂದಳು.

ಫ್ಲಾಸ್ಕು ತೊಳೆದು, ಐಸಿನಲ್ಲಿ ಕೂರಿಸಿ, ಬ್ಲೀಚು ಕಾಸ್ಟಿಕ್ಕಿನ ದ್ರಾವಣಕ್ಕೆ ಗುರುದತ್ತ ಫೆರಿಕ್ ನೈಟ್ರೇಟ್ ಎಂಬ ಕಬ್ಬಿಣದ ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದ. ಮತ್ತೆ ನೇರಳೆ ಬಂತು. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ವರಾಂಡದಲ್ಲಿ ಮೇಡಂ ಚಪ್ಪಲಿಯ ಸದ್ದು ಹತ್ತಿರ ಬಂದರೂ ಬಣ್ಣ ಕದಲಲಿಲ್ಲ.

ಮೇಡಂ ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇಷ್ಟು ದಿನ ಎಂತಾಗಿತ್ತು?"

ನೇತ್ರಾ ಟೆಸ್ಟ್ ಟ್ಯೂಬಿಗೆ ಸ್ವಲ್ಪ ನೇರಳೆ ಬಗ್ಗಿಸಿ, ಡಬ್ಬಿಯ ನೀರು ಬೆರೆಸಿದಳು. ಬಣ್ಣ ಕಂದುತ್ತ ಬಂತು. "ಅಂಟುವಾಳ ಉಳ್ಕಂಡಿತ್ತು ಮೇಡಂ."

"ಅಂಟುವಾಳದಲ್ಲಿ ತೊಳ್ದದ್ದು ಯಾರು?"

ಗುರುದತ್ತ ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು, "ನನ್ ಕೈ ಬಿರೀಬಾರ್ದು ಅಂತ ತೊಳ್ದದ್ದು ಮೇಡಂ."

ಮೇಡಂ ಅವಳ ಕೈ ನೋಡಿದರು, ಅವನ ಮುಖ ನೋಡಿದರು. "ಆತು. ಇಬ್ರೂ ಇದನ್ನೇ ಮುಂದುವರ್ಸಿ," ಎಂದು ಫ್ಲಾಸ್ಕನ್ನು ಮತ್ತೆ ಐಸಿನಲ್ಲಿಟ್ಟು, ನಗು ನುಂಗಿ ಹೊರಟರು.

"ಡಬ್ಬಿ ವಾಪಸ್ ತಗಂಡು ಹೋಗ್ತೆ," ಎಂದ ಗುರುದತ್ತ.

"ಬೇಡ, ನನ್ ಕೈ ತೊಳೂಕೆ ಇರ್ಲಿ." ನೇತ್ರಾ ಡಬ್ಬಿಯ ಮೇಲಿದ್ದ ಅವನ ಕೈ ಹಿಡಿದುಕೊಂಡಳು. "ಬಣ್ಣ ಹೋಗೂದಕ್ಕೆ ನಾನು ಹೆದರ್ಲಿಲ್ಲ ಮಾರಾಯ. ನೀನು ಹೋಗೂದಕ್ಕೆ ಹೆದ್ರಿದ್ದೆ."

"ನಾನೂ," ಎಂದ ಅವನು.

ಐಸಿನ ನಡುವೆ ನೇರಳೆ ಇನ್ನೂ ಹಾಗೆಯೇ ನಿಂತಿತ್ತು. ಇಬ್ಬರೂ ಅತ್ತ ನೋಡಲಿಲ್ಲ.